ಯೇಸುವಿನ ಚರಿತೆ ಮತ್ತು ಆದಿಪ್ರತಿಮೆ: ಯೂಂಗನ ವ್ಯಾಖ್ಯಾನವನ್ನು ಕುರಿತು

ಯೇಸುವಿನ ಜೀವನವನ್ನು ಅಂತರಾಳ ಮನಶ್ಶಾಸ್ತ್ರದ ಬೆಳಕಿನಲ್ಲಿ ಓದುವ ಪ್ರಯತ್ನ ಹೊಸತಲ್ಲ. ಫ್ರಾಯ್ಡನ ಶಿಷ್ಯನಾಗಿದ್ದ ಆಟೊ ರಾಂಕ್, ವೀರಜನನದ ಪುರಾಣಗಳನ್ನು ಕುರಿತು 1909ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ಮೋಶೆ, ಈಡಿಪಸ್, ನಮ್ಮ ಕರ್ಣ ಮೊದಲಾದವರ ಸಾಲಿನಲ್ಲಿಯೇ ಯೇಸುವನ್ನೂ ಕೂರಿಸಿದನು. ಅಸಾಮಾನ್ಯವಾದ ಹುಟ್ಟು, ಶಿಶುವಿಗೆ ಒದಗುವ ಪ್ರಾಣಭಯ, ಪರಸ್ಥಳದಲ್ಲಿ ರಕ್ಷಣೆ: ಹೆರೋದನ ಕಥೆಗೆ ಈ ಚೌಕಟ್ಟು ಹೊಂದುವುದರಲ್ಲಿ ಸಂದೇಹವಿಲ್ಲ. ಆದರೆ ಅದು ಹೊಂದುವುದು ಮತ್ತಾಯನ ಮೊದಲ ಎರಡು ಅಧ್ಯಾಯಗಳಿಗೆ. ಸುವಾರ್ತೆಗಳಲ್ಲೆಲ್ಲ ಪ್ರಾಚೀನವಾದುದೆಂದು ಬಹುಮಂದಿ ವಿದ್ವಾಂಸರು ಎಣಿಸುವ ಮಾರ್ಕನ ಸುವಾರ್ತೆಯಲ್ಲಿ ಜನನವೃತ್ತಾಂತವೇ ಇಲ್ಲ. ಅಲ್ಲಿ ಯೇಸು ಬೆಳೆದ ಗಂಡಸಾಗಿಯೇ ಯೊರ್ದನ್ ಹೊಳೆಗೆ ಬರುತ್ತಾನೆ.

ಕಾರ್ಲ್ ಗುಸ್ತಾವ್ ಯೂಂಗನ ವಿಚಾರ ಇದಕ್ಕಿಂತ ಆಳವಾದುದು. ಗಲಿಲಾಯದ ಒಬ್ಬ ಬೋಧಕನ ನೆನಪು ಅಷ್ಟು ಬೇಗ ಅಷ್ಟು ಜನರ ಮನಸ್ಸನ್ನು ಹೇಗೆ ಹಿಡಿದುಕೊಂಡಿತು? ಸಮಷ್ಟಿಯ ಅಪ್ರಜ್ಞೆಯಲ್ಲಿ ಮೊದಲೇ ಕಾದುಕೊಂಡಿದ್ದ ಒಂದು ಆದಿಪ್ರತಿಮೆಯನ್ನು ಆ ವ್ಯಕ್ತಿ ತಟ್ಟಿ ಎಬ್ಬಿಸಿದನೆಂಬುದೇ ಯೂಂಗನ ಉತ್ತರ. ಇದು ಉಪೇಕ್ಷಿಸತಕ್ಕ ಮಾತಲ್ಲ. 1951ರಲ್ಲಿ ಹೊರಬಂದ ‘ಐಯಾನ್’ ಗ್ರಂಥದಲ್ಲಿ ಆತನು ಇನ್ನೂ ಮುಂದೆ ಹೋಗಿ, ಕ್ರಿಸ್ತನು ಮಾನವನ ಪೂರ್ಣಾತ್ಮದ ಪ್ರತೀಕ, ಆದರೆ ಕುಂದಿರುವ ಪ್ರತೀಕ ಎನ್ನುತ್ತಾನೆ. ಆ ಮೂರ್ತಿಯಲ್ಲಿ ಬರಿಯ ಬೆಳಕಿದೆ, ಛಾಯೆಯಿಲ್ಲ. ತೊರೆಯಲ್ಪಟ್ಟ ಛಾಯೆಯೇ ಕ್ರಿಸ್ತವಿರೋಧಿಯಾಗಿ ಎದುರು ನಿಂತಿತು ಎಂಬುದು ಆತನ ವಾದ.

ಇಲ್ಲಿ ಕೇಳಬೇಕಾದುದು, ಛಾಯೆಯಿಲ್ಲದವನು ಯಾರು ಎಂಬುದನ್ನು. ಧರ್ಮಸಭೆಯ ಸಿದ್ಧಾಂತಗಳು ಕಡೆದ ಕ್ರಿಸ್ತನೇ, ಮಾರ್ಕನ ಯೇಸುವೇ? ಬತ್ತಿದ ಕೈಯವನನ್ನು ಸಬ್ಬತ್ತಿನ ದಿನ ಗುಣಪಡಿಸುವ ಸಂದರ್ಭದಲ್ಲಿ ಯೇಸು ಸುತ್ತಲಿದ್ದವರನ್ನು ಸಿಟ್ಟಿನಿಂದ ನೋಡಿದನೆಂದು ಮಾರ್ಕನು ಬರೆಯುತ್ತಾನೆ. ಅದೇ ಪ್ರಸಂಗವನ್ನು ಹೇಳುವ ಲೂಕನಲ್ಲಿ ನೋಟ ಉಳಿದಿದೆ, ಸಿಟ್ಟು ಹೋಗಿದೆ. ಮತ್ತಾಯನಲ್ಲಿ ಎರಡೂ ಇಲ್ಲ. ಹಣ್ಣಿನ ಕಾಲವಲ್ಲದ ಕಾಲದಲ್ಲಿ ಅಂಜೂರದ ಮರವನ್ನು ಶಪಿಸಿದ ಕಥೆಯೂ ಮಾರ್ಕನಲ್ಲಿ ಉಂಟು. ಕಾಲ ಅದಲ್ಲವೆಂಬ ಮಾತನ್ನು ಮತ್ತಾಯನು ಕೈಬಿಟ್ಟಿದ್ದಾನೆ. (ಕೋಪವೊಂದೇ ಛಾಯೆಯಲ್ಲವೆಂದು ಯೂಂಗನ ಅನುಯಾಯಿಗಳು ಹೇಳಬಹುದು, ನಿಜ.) ಎಂದ ಮೇಲೆ ಛಾಯೆಯನ್ನು ಅಳಿಸುವ ಕೆಲಸ ಸುವಾರ್ತೆಗಳ ಒಳಗೇ ಮೊದಲಾಗಿದೆ. ಅದು ಗ್ರಂಥಸಂಪಾದನೆಯ ಇತಿಹಾಸ. ಅದನ್ನು ಪ್ರತಿಮೆಯ ಸ್ವಭಾವವೆಂದು ಓದಿದುದು ಯೂಂಗನ ಮೊದಲ ದೋಷ.

ಎರಡನೆಯದು ಇದಕ್ಕಿಂತ ಗುರುತರವಾದುದು. ಮರುವರ್ಷ, 1952ರಲ್ಲಿ ಬಂದ ‘ಯೋಬನಿಗೆ ಉತ್ತರ’ದಲ್ಲಿ ಯೇಸುವಿನ ಮುಂಗೋಪವನ್ನು ಯೂಂಗನೇ ಗುರುತಿಸುತ್ತಾನೆ. ಆದರೆ ಜೊತೆಯಲ್ಲಿಯೇ, ಈ ಮನುಷ್ಯನು ಎಂದೂ ತನ್ನನ್ನು ತಾನು ಎದುರಿಸಿದವನಲ್ಲ, ಶಿಲುಬೆಯ ಮೇಲಿನ ಹತಾಶೆಯ ಕೂಗೊಂದೇ ಅದಕ್ಕೆ ಗಣ್ಯವಾದ ಅಪವಾದ ಎಂದು ತೀರ್ಪು ಕೊಡುತ್ತಾನೆ. ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ಓದಿದ ಕನ್ನಡಿಗರಿಗೆ ಆ ಶಿಲುಬೆಯ ದೃಶ್ಯ ಅಪರಿಚಿತವಲ್ಲ. ಆ ಕೂಗಿನಲ್ಲಿ ದೇವರು ಮರ್ತ್ಯನ ಪಾಡನ್ನು ಸ್ವತಃ ಅನುಭವಿಸಿದನೆಂದು ಯೂಂಗ್ ಬರೆಯುವ ಭಾಗ ಆ ಗ್ರಂಥದ ಅತ್ಯುತ್ತಮ ಭಾಗ. ಅದರ ಬಲವನ್ನು ಅಲ್ಲಗಳೆಯಲಾರೆವು. ಆದರೂ ಗೆತ್ಸೇಮನೆಯ ತೋಟ ಎಲ್ಲಿ ಹೋಯಿತು? ಮಾರ್ಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸು ಕಳವಳಗೊಳ್ಳುತ್ತಾನೆ, ಗೆಳೆಯರನ್ನು ಎಚ್ಚರವಾಗಿರಲು ಬೇಡುತ್ತಾನೆ, ನೆಲಕ್ಕೆ ಬೀಳುತ್ತಾನೆ, ಮುಂದಿರುವ ಪಾತ್ರೆ ತನ್ನಿಂದ ತೊಲಗಲೆಂದು ಕೇಳಿಕೊಳ್ಳುತ್ತಾನೆ. ತನ್ನ ಇಚ್ಛೆ ಬೇರೆ, ತಂದೆಯ ಇಚ್ಛೆ ಬೇರೆ ಎಂಬುದನ್ನು ಒಪ್ಪಿಕೊಂಡೇ ತನ್ನದನ್ನು ಬಿಟ್ಟುಕೊಡುತ್ತಾನೆ. ಗ್ರೀಕ್ ಬರೆಹದ ನಡುವೆ ‘ಅಬ್ಬಾ’ ಎಂಬ ಅರಮಾಯಿಕ್ ಪದ ಹಾಗೆಯೇ ಉಳಿದಿದೆ. ತನ್ನನ್ನು ತಾನು ಎದುರಿಸುವುದೆಂದರೆ ಇದಲ್ಲದೆ ಮತ್ತೇನು? ಶಿಲುಬೆಯ ಕೂಗು ಅಂದು ರಾತ್ರಿ ಆರಂಭವಾದುದರ ಮುಗಿತಾಯ. ಆರಂಭವನ್ನು ಲೆಕ್ಕಕ್ಕೆ ಹಿಡಿಯದಿದ್ದುದರಿಂದಲೇ ಆ ಕೂಗು ಯೂಂಗನಿಗೆ ಒಂಟಿಯಾದ ಮಿಂಚಿನಂತೆ ಕಂಡಿತು.

ಅಮೆರಿಕದ ಎಡ್ವರ್ಡ್ ಎಡಿಂಜರ್ 1987ರ ತನ್ನ ಗ್ರಂಥದಲ್ಲಿ ಗೆತ್ಸೇಮನೆಗೆ ಸ್ಥಾನ ಕೊಟ್ಟು ಈ ಲೋಪವನ್ನು ತಕ್ಕಮಟ್ಟಿಗೆ ತುಂಬಿದನು. ಆದರೆ ಅವನಲ್ಲಿ ಸ್ನಾನದೀಕ್ಷೆಯಾದ ಮೇಲೆ ಬರುವುದು ಯೆರೂಸಲೇಮಿನ ಪ್ರವೇಶವೇ. ನಡುವೆ ಯೇಸು ಊರೂರು ಅಲೆದು ಹೇಳಿದ ಸಾಮತಿಗಳಿಗೆ ಅಧ್ಯಾಯವಿಲ್ಲ. ಬೆಳಗ್ಗೆ ಬಂದ ಕೂಲಿಯವನಿಗೂ ಸಂಜೆ ಬಂದವನಿಗೂ ಒಂದೇ ನಾಣ್ಯವನ್ನು ಎಣಿಸಿಕೊಟ್ಟ ದ್ರಾಕ್ಷಿತೋಟದ ಯಜಮಾನನನ್ನು ಯಾವ ಆದಿಪ್ರತಿಮೆಗೆ ಸೇರಿಸಬೇಕೆಂಬುದನ್ನು ಈ ಪಂಥದವರು ಇನ್ನೂ ತಿಳಿಸಬೇಕಾಗಿದೆ.