ಲಯ ಹೊತ್ತವನಿಗೆ ವಿದೂಷಕನ ಪಟ್ಟ

ರಾಕ್ ಎನ್ ರೋಲ್ ಚರಿತ್ರೆ ಬರೆಯುವವರು ಬಿಲ್ ಬ್ಲ್ಯಾಕ್‌ಗೆ ಕೊಡುವುದು ಒಂದೇ ಪಾತ್ರ: ಎಲ್ವಿಸ್ ಪ್ರೀಸ್ಲಿಯ ಪಕ್ಕದಲ್ಲಿ ಆಳೆತ್ತರದ ಡಬಲ್ ಬಾಸ್ ಮೇಲೆ ಸವಾರಿ ಮಾಡಿ ಜನರನ್ನು ನಗಿಸಿದವನು. ಅದರ ಬೆನ್ನಿಗೇ ಇನ್ನೊಂದು ತೀರ್ಪು ಬರುತ್ತದೆ. ಡಬಲ್ ಬಾಸ್ ಜಾಝ್‌ನವರ ಕೈಯಲ್ಲಿ ಕಲೆಯಂತೆ. ಜನಪ್ರಿಯ ಸಂಗೀತದಲ್ಲಿ ಮಾತ್ರ ಎಲೆಕ್ಟ್ರಿಕ್ ಬಾಸ್ ಬರುವ ತನಕದ ತಾತ್ಕಾಲಿಕ ಏರ್ಪಾಡಂತೆ. ಈ ಮಾತನ್ನು ಕೇಳಿ ಕೇಳಿ ರೋಸಿಹೋಗಿದ್ದೇನೆ.

1954ರ ಜುಲೈ 5ರಂದು ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಮುದ್ರಣವಾದ ‘ದಟ್ಸ್ ಆಲ್ ರೈಟ್’ ಹಾಡಿನಲ್ಲಿ ಡ್ರಮ್ಸ್ ಇಲ್ಲ. ಎಲ್ವಿಸ್‌ನ ಗಿಟಾರು, ಸ್ಕಾಟಿ ಮೂರ್‌ನ ಎಲೆಕ್ಟ್ರಿಕ್ ಗಿಟಾರು, ಬ್ಲ್ಯಾಕ್‌ನ ಬಾಸು, ಇಷ್ಟೇ. ಹಾಗಾದರೆ ಕೂತವರ ಕಾಲು ಕುಣಿಸುವ ಆ ಪೆಟ್ಟು ಎಲ್ಲಿಂದ ಬಂತು? ಬ್ಲ್ಯಾಕ್ ತಂತಿಯನ್ನು ಬೆರಳಿಂದ ಎಳೆದು ಬಿಡುತ್ತಾನೆ, ಅದು ಫಿಂಗರ್‌ಬೋರ್ಡಿಗೆ ಚಟ್ಟನೆ ಬಡಿಯುತ್ತದೆ. ಎರಡು ಸ್ವರಗಳ ನಡುವಿನ ತೆರಪಿನಲ್ಲಿ ಅಂಗೈಯಿಂದ ತಂತಿಗಳ ಮೇಲೆ ಹೊಡೆಯುತ್ತಾನೆ. ಕೆಳಗೆ ಗುಂಯ್ಗುಡುವ ಸ್ವರ, ಮೇಲೆ ಮರದ ಚಟಪಟ. ಇಡೀ ಹಾಡಿನ ಲಯವನ್ನು ಒಬ್ಬನೇ ಹೊತ್ತಿದ್ದಾನೆ. ಅದೇ ರೆಕಾರ್ಡಿನ ಇನ್ನೊಂದು ಬದಿಯ ‘ಬ್ಲೂ ಮೂನ್ ಆಫ್ ಕೆಂಟಕಿ’ ಮೂಲದಲ್ಲಿ ಬಿಲ್ ಮನ್ರೋನ ನಿಧಾನ ನಡೆಯ ಹಾಡು. ಸ್ಟುಡಿಯೋದಲ್ಲಿ ಬಿಡುವಿದ್ದಾಗ ಅದನ್ನು ತಮಾಷೆಗೆ ಕೀರಲು ದನಿಯಲ್ಲಿ ಹಾಡುತ್ತ ಬಾಸ್ ಬಡಿಯತೊಡಗಿದವನು ಬ್ಲ್ಯಾಕ್. ಮೂರರ ನಡೆ ನಾಲ್ಕಕ್ಕೆ ತಿರುಗಿತು, ಹಾಡು ಓಟಕ್ಕೆ ಬಿತ್ತು. ಇದನ್ನು ತಾತ್ಕಾಲಿಕ ಏರ್ಪಾಡು ಎನ್ನುವವರಿಗೆ ಕಿವಿಯಿಲ್ಲ.

ಸ್ವರದ ಸೂಕ್ಷ್ಮದಲ್ಲಿ ಬ್ಲ್ಯಾಕ್ ಜಾಝ್ ಬಾಸ್ ವಾದಕ ರಿಚರ್ಡ್ ಡೇವಿಸ್‌ಗೆ ಸಮನಲ್ಲ, ಒಪ್ಪುತ್ತೇನೆ. ವ್ಯಾನ್ ಮಾರಿಸನ್‌ನ ‘ಆಸ್ಟ್ರಲ್ ವೀಕ್ಸ್’ನಲ್ಲಿ (1968) ಡೇವಿಸ್ ನುಡಿಸಿದ್ದು ಅಪೂರ್ವ. ಆದರೂ ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದರೆ ನಾನು ಬ್ಲ್ಯಾಕ್ ಕಡೆಗೇ. ಡೇವಿಸ್ ಒಂದು ಆಲ್ಬಮ್ಮನ್ನು ಎತ್ತರಕ್ಕೇರಿಸಿದ. ಬ್ಲ್ಯಾಕ್ ಒಂದು ಸಂಗೀತಕ್ಕೆ ನಡಿಗೆ ಕಲಿಸಿದ. ಚಕ್ ಬೆರಿಯ ‘ಮೇಬೆಲೀನ್’ನಲ್ಲಿ ವಿಲ್ಲಿ ಡಿಕ್ಸನ್, ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ನಲ್ಲಿ ಮಾರ್ಷಲ್ ಲೈಟಲ್ ಮಾಡಿದ್ದೂ ಸಣ್ಣ ಕೆಲಸವಲ್ಲ. ಡಿಕ್ಸನ್‌ನನ್ನು ಹಾಡು ಬರೆದವನೆಂದು ನೆನೆಯುತ್ತಾರೆ, ಬಾಸ್ ನುಡಿಸಿದವನೆಂದು ನೆನೆಯುವವರು ಕಡಿಮೆ.

ನಗಿಸಿದ್ದೂ ಸುಳ್ಳಲ್ಲ. ಎಲ್ವಿಸ್ ಹೊಸಬನಾಗಿದ್ದ ದಿನಗಳಲ್ಲಿ ಸಭೆಯನ್ನು ಹಿಡಿದಿಟ್ಟದ್ದು ಆ ನಗೆಯೇ. ಅದಕ್ಕೆ ಸಿಕ್ಕ ಪ್ರತಿಫಲ? ಪ್ರವಾಸದಲ್ಲಿದ್ದಾಗ ವಾರಕ್ಕೆ 200 ಡಾಲರ್, ಇಲ್ಲದಾಗ 100. ಎಲ್ವಿಸ್‌ಗೆ ಲಕ್ಷಗಟ್ಟಲೆ ಹರಿದುಬರುತ್ತಿದ್ದಾಗಲೂ ಇಷ್ಟೇ. 1957ರಲ್ಲಿ ಬ್ಲ್ಯಾಕ್, ಮೂರ್ ಇಬ್ಬರೂ ಬಿಟ್ಟುಹೋದರು. 1965ರಲ್ಲಿ, 39ನೇ ವಯಸ್ಸಿಗೆ, ಮೆದುಳಿನ ಗಡ್ಡೆಯಿಂದ ಬ್ಲ್ಯಾಕ್ ತೀರಿಕೊಂಡ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಲ್ವಿಸ್‌ನನ್ನು ಸೇರಿಸಿಕೊಂಡದ್ದು 1986ರಲ್ಲಿ, ಗಿಟಾರಿನ ಮೂರ್‌ನನ್ನು 2000ದಲ್ಲಿ, ಬ್ಲ್ಯಾಕ್‌ನನ್ನು 2009ರಲ್ಲಿ.

ಈ ಸಾಲಿನ ಕ್ರಮ ಅಮೆರಿಕದವರ ರೋಗವಷ್ಟೇ ಅಲ್ಲ. ನಮ್ಮ ಕಚೇರಿಗಳ ವಿಮರ್ಶೆ ಓದಿ: ಗಾಯಕರ ಆಲಾಪನೆಗೆ ಮೂರು ಪ್ಯಾರಾ, ಕೊನೆಯಲ್ಲಿ ‘ಪಕ್ಕವಾದ್ಯದವರ ಸಹಕಾರ ಉತ್ತಮವಾಗಿತ್ತು’ ಎಂಬ ಒಂದೇ ಸಾಲು. ಬೆರಳಿನ ಓಟಕ್ಕೆ, ತನಿಯಾಗಿ ಮಿಂಚುವವರಿಗೆ ಚಪ್ಪಾಳೆ. ಎರಡು ಗಂಟೆ ಕಾಲಪ್ರಮಾಣ ಕದಲದಂತೆ ಹಿಡಿದವರಿಗೆ ಮೌನ. ಹಾಡು ನಿಂತಿರುವುದು ಯಾರ ಮೇಲೆ ಎಂದು ಕೇಳದ ವಿಮರ್ಶೆ ಎಂಥದ್ದು? ಸಂಗೀತದ ರುಚಿ ಕೆಟ್ಟಿದೆ ಎಂದು ಕೇಳುಗರನ್ನು ದೂರುವ ಮೊದಲು ವಿಮರ್ಶಕರು ತಮ್ಮ ಆ ಕೊನೆಯ ಸಾಲನ್ನು ತಿದ್ದಿಕೊಳ್ಳಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ‘ದಟ್ಸ್ ಆಲ್ ರೈಟ್’ ಪೂರ್ತಿ ಎರಡು ನಿಮಿಷವೂ ಇಲ್ಲ. ಎಲ್ವಿಸ್‌ನನ್ನು ಬಿಟ್ಟು, ಮೊದಲಿಂದ ಕೊನೆಯ ತನಕ ಬಾಸ್ ಒಂದನ್ನೇ ಹಿಂಬಾಲಿಸಿ ಕೇಳಿ. ಬ್ಲ್ಯಾಕ್ ವಿದೂಷಕನೋ ಅಲ್ಲವೋ, ಆಮೇಲೆ ನೀವೇ ಹೇಳಿ.