ಉಪಕಥೆಗೆ ಕಿವಿಗೊಡುವುದು: ವ್ಯಕ್ತಿತ್ವ ವಿಕಸನದ ಪುಸ್ತಕ ಹಿಡಿದವರಿಗೆ

1845ರ ಸುಮಾರಿಗೆ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಕೆಲವು ಕೂಲಿ ಹುಡುಗರು ಸಂಜೆ ಹೊತ್ತು ಒಂದೆಡೆ ಸೇರಿ ಓದು, ಬರಹ, ಲೆಕ್ಕವನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಅವರಿಗೆ ಬಾಡಿಗೆಗೆ ದಕ್ಕಿದ್ದು ಹಿಂದೊಮ್ಮೆ ಕಾಲರಾ ರೋಗಿಗಳನ್ನು ಮಲಗಿಸಿದ್ದ ಒಂದು ಮಾಸಲು ಕೋಣೆ. ಸೋಂಕಿನ ಭಯಕ್ಕೆ ಬೇರೆ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಅಲ್ಲಿಗೆ ಬಂದು ನಾಲ್ಕು ಮಾತಾಡಬೇಕೆಂದು ಹುಡುಗರು ಕೇಳಿಕೊಂಡದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಸ್ಕಾಟ್ಲೆಂಡಿನವನನ್ನು. ವೈದ್ಯ ಓದಿ ಪತ್ರಿಕೆ ನಡೆಸಿದ್ದವನು ಆತ. ಆ ಮಾತುಗಳೇ ಬೆಳೆದು 1859ರಲ್ಲಿ 'ಸೆಲ್ಫ್ ಹೆಲ್ಪ್' ಎಂಬ ಪುಸ್ತಕವಾಯಿತು. ಡಾರ್ವಿನ್ನನ 'ಆರಿಜಿನ್ ಆಫ್ ಸ್ಪೀಷೀಸ್' ಹೊರಬಂದದ್ದೂ ಅದೇ ವರ್ಷ, ಅದೇ ಜಾನ್ ಮರ್ರೆ ಪ್ರಕಾಶನದಿಂದ. ಮೊದಲ ವರ್ಷವೇ ಸ್ಮೈಲ್ಸ್‌ನ ಪುಸ್ತಕದ 20,000 ಪ್ರತಿಗಳು ಹೋದವು. ಡಾರ್ವಿನ್ನನ ಮೊದಲ ಮುದ್ರಣ 1,250.

ಪುಸ್ತಕದಂಗಡಿಯಲ್ಲಿ 'ವ್ಯಕ್ತಿತ್ವ ವಿಕಸನ' ಎಂಬ ಚೀಟಿ ಅಂಟಿಸಿದ ಕಪಾಟಿನ ಮುಂದೆ ಮೊದಲ ಸಲ ನಿಂತವರು ಈ ಹುಟ್ಟಿನ ಕಥೆ ತಿಳಿದಿದ್ದರೆ ಒಳ್ಳೆಯದು. ಏಕೆಂದರೆ ಈ ಪ್ರಕಾರ ಇವತ್ತಿಗೂ ವೇದಿಕೆಯ ಮಾತೇ. ಹೇಳಿದ್ದನ್ನೇ ಹೇಳುತ್ತಾರೆ, ಪ್ರತಿ ಅಧ್ಯಾಯದ ಕೊನೆಯಲ್ಲಿ ಸಾರಾಂಶ ಕೊಡುತ್ತಾರೆ, ಓದುಗರನ್ನು ನೇರ 'ನೀವು' ಎಂದು ಕರೆಯುತ್ತಾರೆ. ಕಾದಂಬರಿ ಓದಿ ರೂಢಿಯಾದವರಿಗೆ ಇದೆಲ್ಲ ಕಿರಿಕಿರಿ. ಹರಿಕಥೆ ಕೇಳಿ ಬೆಳೆದವರಿಗೆ ಹಾಗಲ್ಲ. ಭಕ್ತಿಯೇ ದೊಡ್ಡದು ಎಂಬ ಒಂದೇ ಮಾತನ್ನು ದಾಸರು ಮೂರು ತಾಸು ಎಳೆಯುತ್ತಾರೆಂದು ಯಾರೂ ಎದ್ದುಹೋಗುವುದಿಲ್ಲ. ಜನ ತೂಕಡಿಸುವ ಹೊತ್ತಿಗೆ ಸರಿಯಾಗಿ ಬಂದು ಬೀಳುವ ಉಪಕಥೆಗಾಗಿ ಕಾಯುತ್ತಾರೆ. ಈ ಪುಸ್ತಕಗಳಲ್ಲೂ ತತ್ತ್ವ ಹಳೆಯದು, ಸಾಮಾನ್ಯವಾಗಿ ಮನೆಯ ಅಜ್ಜಿ ಹೇಳಿ ಮುಗಿಸಿದ್ದು. ರಸ ಇರುವುದು ಉಪಕಥೆಯಲ್ಲಿ. ಮೋಸ ಇದ್ದರೆ ಅದೂ ಅಲ್ಲೇ.

ಸ್ಮೈಲ್ಸ್‌ನ ಉಪಕಥೆಗಳೆಲ್ಲ ದೊಡ್ಡವರ ಬದುಕಿನವು. ಬರ್ನಾರ್ಡ್ ಪಾಲಿಸ್ಸಿ ಎಂಬ ಫ್ರಾನ್ಸಿನ ಕುಂಬಾರನ ಪ್ರಸಂಗವನ್ನು ಹುಡುಕಿ ಓದಿ. ಮಣ್ಣಿನ ಪಾತ್ರೆಗೆ ಬಿಳಿ ಹೊಳಪು ಬರಿಸುವ ಗುಟ್ಟು ಹುಡುಕುತ್ತ ಆತ ವರ್ಷಗಟ್ಟಲೆ ಸೋಲುತ್ತಾನೆ. ಒಂದು ದಿನ ಒಲೆಗೆ ಸೌದೆ ಮುಗಿಯುತ್ತದೆ. ಬೇಲಿ ಕಿತ್ತು ಹಾಕುತ್ತಾನೆ, ಮನೆಯ ಪೀಠೋಪಕರಣ ಹಾಕುತ್ತಾನೆ, ಕೊನೆಗೆ ಸಾಮಾನು ಇಡುವ ಗೋಡೆಯ ಹಲಗೆಗಳನ್ನೂ ಕಿತ್ತು ಉರಿಗೆ ಹಾಕುತ್ತಾನೆ. ಹೆಂಡತಿ ಮಕ್ಕಳು ಬೀದಿಗೆ ಓಡುತ್ತಾರೆ. ಓದುವಾಗ ಎದೆ ಹೊಡೆದುಕೊಳ್ಳುತ್ತದೆ. ಓದಿ ಆದಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಹೊಳಪು ಬಾರದೇ ಹೋಗಿದ್ದರೆ ಈ ಕಥೆ ಪುಸ್ತಕಕ್ಕೆ ಬರುತ್ತಿತ್ತೇ? ಮನೆ ಸುಟ್ಟುಕೊಂಡು ಏನೂ ಕೈಗೆ ಸಿಗದೆ ಸತ್ತ ಕುಂಬಾರರನ್ನು ಊರಿನವರು ಹುಚ್ಚರೆಂದು ಮರೆತಿರುತ್ತಾರೆ. ಹಾಗೆಂದು ಪಾಲಿಸ್ಸಿಯ ಕಥೆ ರುಚಿ ಕೆಡುವುದಿಲ್ಲ. ಅದು ಛಲದ ಚಿತ್ರ. ಛಲ ಹಿಡಿದವರೆಲ್ಲ ಗೆಲ್ಲುತ್ತಾರೆ ಎಂಬುದಕ್ಕೆ ಪುರಾವೆಯಲ್ಲ. ಸ್ಮೈಲ್ಸ್ ಸ್ವತಃ ಮುಂದಿನ ಆವೃತ್ತಿಯ ಮುನ್ನುಡಿಯಲ್ಲಿ ತನ್ನ ಪುಸ್ತಕದ ಹೆಸರಿನ ಬಗ್ಗೆ ಪೇಚಾಡಿಕೊಂಡಿದ್ದಾನೆ. ಅದನ್ನು ಸ್ವಾರ್ಥದ ಹೊಗಳಿಕೆ ಎಂದು ಜನ ತಿಳಿದರಂತೆ.

ಎರಡನೆಯ ಬಗೆಯ ಉಪಕಥೆ ಡೇಲ್ ಕಾರ್ನೆಗಿಯದು. ಮಿಸೌರಿಯ ರೈತನ ಮಗ. 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎಯಲ್ಲಿ ಭಾಷಣ ಕಲಿಸುವ ಸಂಜೆ ತರಗತಿ ಶುರುಮಾಡಿದ. ದಿನಗೂಲಿ ಕೊಡಲು ಸಂಸ್ಥೆಯವರು ಒಪ್ಪದೆ, ಬಂದ ಶುಲ್ಕದಲ್ಲಿ ಪಾಲು ಎಂದು ಒಪ್ಪಂದವಾಯಿತು. ಹಾಗಾಗಿ ಕೇಳುಗರು ಬೇಸತ್ತರೆ ಕಾರ್ನೆಗಿಗೆ ಊಟವಿಲ್ಲ! ಇಪ್ಪತ್ತು ವರ್ಷ ಮೀರಿ ಹೀಗೆ ಜನರೆದುರು ತಿದ್ದಿಕೊಂಡ ಮಾತು 1936ರಲ್ಲಿ 'ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್' ಆಯಿತು. ಪ್ರಕಾಶಕರು ಮೊದಲು ಅಚ್ಚು ಹಾಕಿಸಿದ್ದು ಬರೀ 5,000.

ಅದರ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿನೋಡಿ. ಸ್ನೇಹ ಸಂಪಾದನೆಯ ಪುಸ್ತಕ ಆರಂಭವಾಗುವುದು ಪೊಲೀಸರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಒಬ್ಬ ಕೊಲೆಗಾರನಿಂದ. ಗುಂಡು ಹಾರುತ್ತಿರುವಾಗಲೇ ಆತ ತನ್ನ ಹೃದಯ ಮೆದು ಎಂದು ಚೀಟಿ ಬರೆಯುತ್ತಾನೆ. ಆಮೇಲೆ ಪಾತಕಿ ಅಲ್ ಕಪೋನ್, ಅವನಿಗೂ ತಾನು ಲೋಕೋಪಕಾರಿ. ಆಮೇಲೆ ಸಿಂಗ್ ಸಿಂಗ್ ಜೈಲಿನ ಅಧಿಕಾರಿಯ ಸಾಕ್ಷಿ. ಇಷ್ಟಾದ ಮೇಲೆ ಕಾರ್ನೆಗಿ ಓದುಗರ ಕಡೆ ತಿರುಗುತ್ತಾನೆ: ಇಂಥವರೇ ತಪ್ಪು ಒಪ್ಪದಿದ್ದ ಮೇಲೆ ನಿಮ್ಮ ಆಫೀಸಿನವರು, ನೆಂಟರಿಷ್ಟರು ಒಪ್ಪುತ್ತಾರೆಯೇ, ಅವರನ್ನು ಬೈದು ಏನು ಬಂತು? ಹೇಳಿದ್ದು ಹಳೆಯ ಮಾತು. ಕಟ್ಟಿದ ರೀತಿ ನೋಡಿ. ಬೈಗುಳದಿಂದ ಪ್ರಯೋಜನವಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರೆ ಯಾರು ಕೇಳುತ್ತಿದ್ದರು.

ಅದೇ ಅಧ್ಯಾಯದಲ್ಲಿ ಲಿಂಕನ್ನನ ಪ್ರಸಂಗ ಬರುತ್ತದೆ. 1863ರ ಗೆಟಿಸ್‌ಬರ್ಗ್ ಯುದ್ಧ ಮುಗಿದು ಶತ್ರುಸೈನ್ಯ ತಪ್ಪಿಸಿಕೊಂಡಾಗ ಸೇನಾಪತಿ ಮೀಡ್‌ಗೆ ಲಿಂಕನ್ ಖಾರವಾದ ಪತ್ರ ಬರೆಯುತ್ತಾನೆ, ಕಳಿಸುವುದಿಲ್ಲ. ಏಕೆ ಕಳಿಸಲಿಲ್ಲ? ಕಾರ್ನೆಗಿ ಒಂದು ಕಾರಣ ಕಲ್ಪಿಸುತ್ತಾನೆ, ಜೊತೆಗೇ ಇದು ನನ್ನ ಊಹೆ ಅಷ್ಟೇ ಎನ್ನುತ್ತಾನೆ. ಆ ಅರ್ಧ ಸಾಲಿಗಾಗಿ ನನಗೆ ಕಾರ್ನೆಗಿಯ ಮೇಲೆ ಗೌರವ. ಕಾರ್ನೆಗಿಯ ಪುಸ್ತಕದ ಮರುವರ್ಷ ಬಂದ ನೆಪೋಲಿಯನ್ ಹಿಲ್‌ನ 'ಥಿಂಕ್ ಅಂಡ್ ಗ್ರೋ ರಿಚ್' ಇದರ ಪಕ್ಕಕ್ಕಿಟ್ಟು ನೋಡಿ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯೇ ತನಗೆ ಸಂಪತ್ತಿನ ಗುಟ್ಟು ಒಪ್ಪಿಸಿದ ಎಂದು ಹಿಲ್ ಹೇಳಿಕೊಂಡ. ಅಂಥ ಭೇಟಿಗೆ ಹಿಲ್‌ನ ಮಾತು ಬಿಟ್ಟರೆ ಬೇರೆ ಆಧಾರ ಸಿಕ್ಕಿಲ್ಲ. ಊಹೆಯನ್ನು ಊಹೆ ಎನ್ನುವವರು ಯಾರು, ಗುಟ್ಟು ಗುಟ್ಟು ಎಂದು ಪುಟ ತಿರುವಿಸುವವರು ಯಾರು, ಇದನ್ನು ಗುರುತಿಸಲು ಬಂದರೆ ಕಪಾಟಿನ ಅರ್ಧ ಪುಸ್ತಕ ತಾನಾಗಿಯೇ ಕೆಳಗಿಳಿಯುತ್ತದೆ.

ಮೂರನೆಯ ಬಗೆ ಇವತ್ತಿನದು. ಕಾರ್ನೆಗಿಗೆ ಸಾಕ್ಷಿ ಹೇಳಲು ತರಗತಿಗೆ ಬಂದ ಸೇಲ್ಸ್‌ಮನ್ ಸಾಕಿತ್ತು. ಇಂದಿನ ಓದುಗರಿಗೆ ಪ್ರೊಫೆಸರೇ ಬೇಕು. ಹಾಗಾಗಿ ಉಪಕಥೆ ಪ್ರಯೋಗಶಾಲೆಗೆ ಹೋಯಿತು. ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ಸಿಹಿ ಇಟ್ಟ ಕಥೆ ಎಲ್ಲರಿಗೂ ಗೊತ್ತು: ಈಗಲೇ ಬೇಕಾದರೆ ಒಂದು, ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲಾದರು ಎಂಬುದನ್ನು ಎಷ್ಟು ಪುಸ್ತಕಗಳು ಹೇಳಿವೆಯೋ ಲೆಕ್ಕವಿಲ್ಲ. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮೇಲೆ ಮತ್ತೆ ಲೆಕ್ಕಹಾಕಿದಾಗ ಆ ನಂಟು ಅರ್ಧಕ್ಕಿಳಿಯಿತು. ಮನೆಯ ಸ್ಥಿತಿಗತಿಯನ್ನೂ ಗಣನೆಗೆ ತೆಗೆದುಕೊಂಡಾಗ ಇನ್ನಷ್ಟು ಸವೆಯಿತು. ಆಡಿದ ಮಾತು ನಡೆಯದ ಮನೆಯಲ್ಲಿ ಬೆಳೆದ ಮಗು ಎದುರಿಗಿರುವ ಒಂದನ್ನು ಬಾಯಿಗೆ ಹಾಕಿಕೊಳ್ಳುವುದು ಜಾಣತನವೂ ಇರಬಹುದಲ್ಲ.

ಡೇನಿಯಲ್ ಕಾನಮನ್ ಅವರಂಥ ನೊಬೆಲ್ ವಿಜೇತರೂ ಇಲ್ಲಿ ಎಡವಿದ್ದಾರೆ. 2011ರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ, ಮುಪ್ಪನ್ನು ನೆನಪಿಸುವ ಪದಗಳನ್ನು ಓದಿದ ವಿದ್ಯಾರ್ಥಿಗಳು ಕಾರಿಡಾರಿನಲ್ಲಿ ನಿಧಾನವಾಗಿ ನಡೆದರು ಎಂಬ ಪ್ರಯೋಗ ಬರುತ್ತದೆ. ಮರುವರ್ಷ ಬೆಲ್ಜಿಯಂನಲ್ಲಿ ನಡಿಗೆಯ ವೇಗವನ್ನು ಯಂತ್ರದಿಂದ ಅಳೆದರು, ನಿಧಾನ ಕಾಣಲಿಲ್ಲ. ಇವರು ನಿಧಾನವಾಗುತ್ತಾರೆಂದು ಮೊದಲೇ ನಂಬಿದ್ದವರು ಪ್ರಯೋಗ ನಡೆಸಿದಾಗ ಮಾತ್ರ ಕಂಡಿತು! ಸಣ್ಣ ಸಣ್ಣ ಪ್ರಯೋಗಗಳನ್ನು ಅತಿಯಾಗಿ ನಂಬಿದೆ ಎಂದು 2017ರಲ್ಲಿ ಕಾನಮನ್ ಬಹಿರಂಗವಾಗಿ ಒಪ್ಪಿಕೊಂಡರು. ಸಣ್ಣ ಮಾದರಿಯನ್ನು ನಂಬಬೇಡಿ ಎಂದು 1971ರಲ್ಲೇ ಗೆಳೆಯ ಟ್ವರ್ಸ್ಕಿ ಜೊತೆ ಪ್ರಬಂಧ ಬರೆದಿದ್ದವರು ಇದೇ ಕಾನಮನ್.

ಆದರೂ ಹೊಸಬರಿಗೆ ಈ ಪುಸ್ತಕವನ್ನೇ ನಾನು ಕೈಗಿಡುವುದು, ಹದಿನೇಳನೆಯ ಅಧ್ಯಾಯಕ್ಕಾಗಿ. ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಕಾನಮನ್ ಪಾಠ ಹೇಳುತ್ತಿದ್ದಾರೆ: ಶಿಕ್ಷೆಗಿಂತ ಶಹಬ್ಬಾಸ್‌ಗಿರಿ ಮೇಲು. ಅನುಭವಸ್ಥನೊಬ್ಬ ಎದ್ದು ನಿಲ್ಲುತ್ತಾನೆ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ, ನಾನೇ ಕಂಡಿದ್ದೇನೆ ಎಂಬುದು ಅವನ ವಾದ. ನಮ್ಮ ಮೇಷ್ಟರುಗಳೂ ಮನೆಯ ಹಿರಿಯರೂ ಹೇಳುತ್ತ ಬಂದದ್ದು ಇದನ್ನೇ. ಕಾನಮನ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರಿ ಬರೆದು, ಬೆನ್ನು ತಿರುಗಿಸಿ ಎರಡೆರಡು ನಾಣ್ಯ ಎಸೆಯಲು ಎಲ್ಲರಿಗೂ ಹೇಳುತ್ತಾರೆ. ಮೊದಲ ಎಸೆತದಲ್ಲಿ ಗುರಿಗೆ ಹತ್ತಿರ ಹೋದವರಲ್ಲಿ ಹೆಚ್ಚಿನವರು ಎರಡನೆಯದರಲ್ಲಿ ದೂರ ಹೋದರು. ದೂರ ಹೋದವರು ಹತ್ತಿರ ಬಂದರು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಅದೃಷ್ಟದಿಂದ ಒಂದು ಸಲ ಅತಿ ಚೆನ್ನಾಗಿ ಆದದ್ದು ಮುಂದಿನ ಸಲ ಸಾಮಾನ್ಯಕ್ಕೆ ಇಳಿಯುತ್ತದೆ, ಅತಿ ಕೆಟ್ಟದ್ದು ಏರುತ್ತದೆ. ತರಬೇತುದಾರ ಕಂಡದ್ದು ನಿಜ, ಕೊಟ್ಟ ಕಾರಣ ಸುಳ್ಳು. ಉಪಕಥೆಗಳು ನಮ್ಮನ್ನು ಹೇಗೆ ಯಾಮಾರಿಸುತ್ತವೆ ಎಂಬುದನ್ನು ಉಪಕಥೆಯಲ್ಲೇ ಹೇಳಿದ್ದು ಈ ಪ್ರಕಾರದ ಅತ್ಯುತ್ತಮ ಘಳಿಗೆಗಳಲ್ಲಿ ಒಂದು ಎಂದು ನನ್ನ ಎಣಿಕೆ.

ಅಂಕಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಭ್ಯಾಸ ಕೂರಲು 21 ದಿನ ಎಂಬುದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕದಲ್ಲಿ ಬರೆದದ್ದು, ಹೊಸ ಮುಖಕ್ಕೆ ರೋಗಿಗಳು ಹೊಂದಿಕೊಳ್ಳಲು ಕಡಿಮೆಯೆಂದರೆ ಅಷ್ಟು ದಿನ ಬೇಕು ಎಂದು. 'ಕಡಿಮೆಯೆಂದರೆ' ಎಂಬುದು ದಾರಿಯಲ್ಲೆಲ್ಲೋ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತವರ ಜೊತೆಗಾರರು ಅಳೆದಾಗ ಸರಾಸರಿ 66 ದಿನ ಬಂತು. ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254ರವರೆಗೆ. ಮಾಲ್ಕಮ್ ಗ್ಲ್ಯಾಡ್‌ವೆಲ್ ಪ್ರಸಿದ್ಧಿಗೆ ತಂದ, ಪರಿಣತಿಗೆ 10,000 ಗಂಟೆಯ ಅಭ್ಯಾಸ ಬೇಕೆಂಬ ಮಾತಿನದೂ ಇದೇ ಪಾಡು. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಭ್ಯಸಿಸಿದ್ದ ಎರಿಕ್ಸನ್, ಅದು ಬರೀ ಸರಾಸರಿ, ಹೊಸ್ತಿಲಲ್ಲ ಎಂದು ಆಕ್ಷೇಪಿಸಿದರು. ದುಂಡು ಸಂಖ್ಯೆ ಕಂಡಲ್ಲಿ ಪೆನ್ಸಿಲ್ ಗೆರೆ ಹಾಕಿ ಮುಂದೆ ಹೋಗಿ.

ಈ ಪುಸ್ತಕಗಳು ಮಾಡಲು ಹೇಳುವ ಅಭ್ಯಾಸಗಳ ಸೊಗಸು ಕಾಣಬೇಕಾದರೆ ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಕಥೆಗೆ ಹೋಗಬೇಕು. ಹದಿಮೂರು ಗುಣ ಪಟ್ಟಿಮಾಡಿ, ಕಿರುಪುಸ್ತಕದಲ್ಲಿ ಗೆರೆ ಎಳೆದು, ವಾರಕ್ಕೊಂದು ಗುಣದಂತೆ ಹಿಡಿದು, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ. ವರ್ಷಕ್ಕೆ ನಾಲ್ಕು ಸುತ್ತು. ಮೊದಲು ಇದ್ದದ್ದು ಹನ್ನೆರಡೇ. ನಿನಗೆ ಜಂಬ ಹೆಚ್ಚು ಎಂದು ಸ್ನೇಹಿತನೊಬ್ಬ ಹೇಳಿದ ಮೇಲೆ ವಿನಯ ಸೇರಿತು. ಸಾಮಾನುಗಳನ್ನು ಒಪ್ಪವಾಗಿ ಇಡುವುದು ಮಾತ್ರ ಅವನಿಗೆ ಕೊನೆವರೆಗೂ ಒಗ್ಗಲಿಲ್ಲ. ಅದಕ್ಕೊಂದು ಉಪಕಥೆ: ಕೊಡಲಿ ಪೂರ್ತಿ ಹೊಳೆಯಬೇಕೆಂದು ಒಬ್ಬಾತ ಕಮ್ಮಾರನ ಬಳಿ ಬರುತ್ತಾನೆ. ಸಾಣೆಕಲ್ಲು ನೀನು ತಿರುಗಿಸಿದರೆ ನಾನು ಮಸೆಯುತ್ತೇನೆ ಎನ್ನುತ್ತಾನೆ ಕಮ್ಮಾರ. ತಿರುಗಿಸಿ ತಿರುಗಿಸಿ ರಟ್ಟೆ ಸೋತು, ಇನ್ನೂ ಚುಕ್ಕೆ ಚುಕ್ಕೆ ಉಳಿದಿದ್ದರೂ, ಚುಕ್ಕೆಯಿರುವ ಕೊಡಲಿಯೇ ನನಗೆ ಚೆಂದ ಎಂದು ಹೊರಟುಬಿಡುತ್ತಾನೆ. ತಾನು ಹೇಳಿಕೊಟ್ಟ ಅಭ್ಯಾಸದಲ್ಲಿ ತಾನೇ ಸೋತದ್ದನ್ನು ಹೀಗೆ ನಗುತ್ತ ಹೇಳುವ ಲೇಖಕರು ಈಚೆಗೆ ಅಪರೂಪ.

ಕನ್ನಡದಲ್ಲಿ ಆ ನಗು ಇದ್ದದ್ದು 'ರಾಶಿ' ಕಾವ್ಯನಾಮದ ಡಾ. ಎಂ. ಶಿವರಾಂ ಅವರಲ್ಲಿ. 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಶುರುಮಾಡಿದ ಅವರೇ ಮನಸ್ಸಿನ ಕಾಯಿಲೆ ಕಸಾಲೆಗಳ ಬಗ್ಗೆ 'ಮನಮಂಥನ' ಬರೆದವರು. 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಬೇರೆ ಜಾಡಿನದು: ಎರಡು ಭಾಗ, ಪ್ರಸಂಗದ ಮೇಲೆ ಪ್ರಸಂಗ, ರಾಮಕೃಷ್ಣ ಪರಂಪರೆಯ ಶ್ರದ್ಧೆ. ಉಪನ್ಯಾಸ ಕೇಳುವಂತೆ ಓದಿಸಿಕೊಳ್ಳುತ್ತದೆ. ಆದರೆ ಶ್ರದ್ಧೆಯಿಂದ ಹೇಳಿದ್ದು ಯಾವುದು, ಪುರಾವೆಯೆಂದು ಹೇಳಿದ್ದು ಯಾವುದು ಎಂದು ಓದುವವರೇ ಬೇರೆ ಮಾಡಿಕೊಳ್ಳಬೇಕು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳಲ್ಲಿ ಈ ವೈಭವವೆಲ್ಲ ಇಲ್ಲ. ನಿದ್ದೆ ಬಾರದವರಿಗೆ, ಪರೀಕ್ಷೆಗೆ ಹೆದರುವವರಿಗೆ ಡಾಕ್ಟರು ಎದುರು ಕೂರಿಸಿಕೊಂಡು ಮಾತಾಡಿದ ಹಾಗಿವೆ. ಕಥೆ ಬೇಕಾದ ದಿನ ಕಾರ್ನೆಗಿ ಓದಿ. ಮನೆಯಲ್ಲಿ ಯಾರಿಗಾದರೂ ನಿಜವಾಗಿ ನಿದ್ದೆ ಕೆಟ್ಟಿದ್ದರೆ ಚಂದ್ರಶೇಖರ್ ಅವರದು ಓದಿ, ಅದೂ ಸಾಲದಿದ್ದರೆ ಪುಸ್ತಕ ಮಡಚಿಟ್ಟು ಡಾಕ್ಟರ ಬಳಿ ಹೋಗಿ.