ದೊರೆಯ ಬರೆವಣಿಗೆಯ ಮೇಜು

ಅಲಂಕಾರವು ವಸ್ತುವಿನ ಉಪಯೋಗವನ್ನು ನುಂಗಿಬಿಟ್ಟರೆ ಉಳಿಯುವುದು ಕಲೆಯಲ್ಲ, ಆಡಂಬರ. ಫ್ರಾನ್ಸಿನ 15ನೆಯ ಲೂಯಿ ದೊರೆಗಾಗಿ ಮಾಡಿದ, ಈಗ ವರ್ಸೇಲ್ಸ್ ಅರಮನೆಯ ಒಳಕೋಣೆಯಲ್ಲಿರುವ ಬರೆವಣಿಗೆಯ ಮೇಜು ಮೊದಲ ನೋಟಕ್ಕೆ ಆಡಂಬರವೆಂದೇ ತೋರುತ್ತದೆ. ಬಗೆಬಗೆಯ ಮರಗಳ ತೆಳು ಹಾಳೆಗಳನ್ನು ಕತ್ತರಿಸಿ ಕೂಡಿಸಿದ ಚಿತ್ರಗಳು ಮೈತುಂಬ. ಅಂಚಿಗೆಲ್ಲ ಗಿಲೀಟಿನ ಕಂಚು. ನೆತ್ತಿಯ ಮೇಲೆ ಗಡಿಯಾರ. ಎಡಬಲಕ್ಕೆ ದೀಪ ಹಿಡಿದ ಅಪೊಲೊ, ಕ್ಯಾಲಿಯೋಪಿಯರ ಪ್ರತಿಮೆಗಳು. ನಾಲ್ಕು ಸಾಲು ಬರೆಯಲು ಕುಳಿತವನಿಗೆ ಇಷ್ಟೆಲ್ಲ ಏಕೆ?

ಆದರೆ ಈ ಮೇಜಿನ ಒಡೆಯನು ತನ್ನ ಮಂತ್ರಿಗಳಿಗೂ ತಿಳಿಯದಂತೆ ಗುಪ್ತ ರಾಯಭಾರ ನಡೆಸಿದವನೆಂಬುದನ್ನು ನೆನೆದರೆ ಇದರ ರಚನೆಯ ಮರ್ಮ ತಿಳಿಯುತ್ತದೆ. 1760ರಲ್ಲಿ ಕೆಲಸವನ್ನು ಕೈಗೊಂಡ ಝಾನ್ ಫ್ರಾನ್ಸ್ವಾ ಎಬೆನ್ ಯಂತ್ರಕೌಶಲದ ಪೀಠೋಪಕರಣಗಳಿಗೆ ಹೆಸರಾದ ಕುಶಲಿ. ಬರೆಯುವ ಹಲಗೆಯ ಮೇಲೆ ಅವನು ಕಮಾನಿನಂತೆ ಉರುಳಿ ಬರುವ ಮುಚ್ಚಳವನ್ನಿಟ್ಟ. ಹರಡಿದ ಕಾಗದಗಳನ್ನು ಎತ್ತಿಡಬೇಕಾಗಿಲ್ಲ. ಮುಚ್ಚಳವನ್ನೆಳೆದು ಒಂದೇ ಬೀಗದ ಕೈಯನ್ನು ತಿರುಗಿಸಿದರೆ ಅದರೊಡನೆ ಖಾನೆಗಳೂ ಭದ್ರ. ಶಾಯಿ ತುಂಬುವ ಸೇವಕನಿಗೆ ಆ ಕೈಯನ್ನು ಕೊಡುವಂತಿಲ್ಲವಷ್ಟೆ. ಅದಕ್ಕಾಗಿ ಮಸಿಕುಡಿಕೆಯ ಖಾನೆ ಮಾತ್ರ ಪಕ್ಕದಿಂದ ಬೇರೆಯಾಗಿ ತೆರೆಯುತ್ತದೆ. ಮೇಜಿನ ಹಿಂಬದಿಯಲ್ಲಿ, ದೊರೆಯ ಎದುರಿಗಿರುವವರಿಗೆ ಕಾಣುವಂತೆ, ತುಟಿಗೆ ಬೆರಳಿಟ್ಟ ಮೌನದ ಮುಖವನ್ನು ಮರದಲ್ಲೇ ಚಿತ್ರಿಸಿದೆ. ಬೀಗ ಮಾಡುವ ಕೆಲಸವನ್ನೇ ಚಿತ್ರವೂ ಮಾಡುತ್ತದೆ. ಅಲಂಕಾರಕ್ಕೆ ಇದಕ್ಕಿಂತ ಸಾರ್ಥಕವಾದ ಉದ್ಯೋಗವನ್ನು ಊಹಿಸುವುದು ಕಷ್ಟ.

ಎಲ್ಲವೂ ಈ ಮಟ್ಟದ್ದೆಂದು ಹೇಳಲಾಗದು. ನೆತ್ತಿಯ ಕಂಚಿನ ಭಾರ ಮುಚ್ಚಳದ ಬಾಗಿನ ಚೆಲುವನ್ನು ಕುಗ್ಗಿಸುತ್ತದೆ. ವೈಭವದ ಹಂಬಲ ಅಲ್ಲಿ ವಿವೇಕವನ್ನು ಮೀರಿದೆ.

1763ರಲ್ಲಿ ಎಬೆನ್ ತೀರಿಕೊಂಡ. ಕೆಲಸವನ್ನು ಮುಂದುವರಿಸಿ 1769ರಲ್ಲಿ ಮುಗಿಸಿದವನು ಅವನ ಕಾರ್ಯಾಗಾರದಲ್ಲೇ ಪಳಗಿದ ಝಾನ್ ಆನ್ರಿ ರೀಸ್ನೆರ್. ಅವನ ಹೆಸರೇ ಮೇಜಿನ ಮೇಲಿದೆ. ಇಬ್ಬರೂ ಜರ್ಮನ್ ನೆಲದಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಬಂದವರು. ಮುಂದೆ ಕ್ರಾಂತಿಯಾದಾಗ ಅರಮನೆಯ ಪೀಠೋಪಕರಣಗಳಿಂದ ರಾಜಚಿಹ್ನೆಗಳನ್ನು ಕಿತ್ತುಹಾಕುವ ಕೆಲಸಕ್ಕೆ ಇದೇ ರೀಸ್ನೆರನನ್ನು ಹಚ್ಚಿದರೆಂಬುದು ವಿಧಿಯ ವ್ಯಂಗ್ಯ. ಈ ಮೇಜಿನ ರಾಜಮುದ್ರೆಗಳೂ ಹೋಗಿ ಆ ಜಾಗಕ್ಕೆ ಪಿಂಗಾಣಿ ಫಲಕಗಳು ಬಂದವು.

ಅದರಿಂದ ಮೇಜು ಕೆಡಲಿಲ್ಲ. ದೊರೆತನವನ್ನು ಸಾರಲು ಮೇಲೆ ಅಂಟಿಸಿದ್ದನ್ನು ಕಳಚಬಹುದಾಗಿತ್ತು. ಮುಚ್ಚಳವನ್ನು, ಬೀಗವನ್ನು, ಶಾಯಿಯ ಖಾನೆಯನ್ನು ಕಳಚಿದ್ದರೆ ಮೇಜೇ ಉಳಿಯುತ್ತಿರಲಿಲ್ಲ. ಕುಸುರಿ ಕೆಲಸದಲ್ಲಿ ಯಾವುದು ಕಲೆ, ಯಾವುದು ಬರಿಯ ಸೊಗಸು ಎಂಬುದನ್ನು ಒರೆಗೆ ಹಚ್ಚಲು ಇಷ್ಟೇ ಸಾಕು.